ಉಳಿದ ಗಾಡಿಗಳ ಲೆಕ್ಕ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ತಾಯಂದಿರನ್ನು ಕೇಳಿ ನೋಡಿ. ನಯಾಗರ ಜಲಪಾತ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆ, ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ, ಈ ಮೂರರಲ್ಲಿ ಎರಡನ್ನಾದರೂ ನೋಡಿರುತ್ತಾರೆ. ನಾನು ಮಾತ್ರ ನೋಡಿ ಬಂದದ್ದು ಹಳೆಯ ಕಾರುಗಳನ್ನು. ಊರಿಗೆ ಬಂದಮೇಲೆ ನಮ್ಮ ಶಾಲೆಯ ಸಹೋದ್ಯೋಗಿಗಳು, "ಏನೇನು ನೋಡಿದಿರಿ ಮೇಡಂ?" ಎಂದು ಕೇಳಿದಾಗ ನಾನು ಇದನ್ನು ಹೇಳಿದೆ. ಅವರು ಪರಸ್ಪರ ಮುಖ ನೋಡಿಕೊಂಡರು. ನನಗೆ ಸೈಕಲ್ಲು ಬಿಟ್ಟರೆ ಬೇರೆ ವಾಹನ ಓಡಿಸಲು ಬಾರದೆಂಬುದು ಅವರಿಗೆಲ್ಲ ಗೊತ್ತು.

ಆದದ್ದಿಷ್ಟು. ಮಗಳು ಅಳಿಯ ಇರುವುದು ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. 2023ರ ಆಗಸ್ಟ್ ತಿಂಗಳ ಮೂರನೆಯ ಶನಿವಾರ ಕೂಸಿಗೆ ಎಣ್ಣೆ ನೀರು ಹಾಕಿ ಮಲಗಿಸಿ ಕೂತಿದ್ದೆ. ಅಳಿಯ, "ಅತ್ತೆ, ಮನೆಯಲ್ಲೇ ಕೂತು ಕೂತು ನಿಮಗೆ ಬೇಸರವಾಗಿರಬೇಕು, ಬನ್ನಿ, ಜಾತ್ರೆ ತೋರಿಸುತ್ತೇನೆ" ಎಂದು ಕರೆದುಕೊಂಡು ಹೋದ. ನಿಜಕ್ಕೂ ಅದು ಜಾತ್ರೆಯೇ. ವುಡ್‌ವರ್ಡ್ ಅವೆನ್ಯೂ ಎಂಬ ಅಗಲವಾದ ರಸ್ತೆ. ಫರ್ನ್‌ಡೇಲ್ ಎಂಬಲ್ಲಿಂದ ಪಾಂಟಿಯಾಕ್ ಎಂಬ ಊರಿನವರೆಗೆ ಸುಮಾರು ಇಪ್ಪತ್ತೈದು ಕಿಲೋಮೀಟರ್ ಉದ್ದಕ್ಕೆ ಹಳೆಯ ಕಾರುಗಳು ಸಾಲಾಗಿ ಹರಿಯುತ್ತಿದ್ದವು. ರಸ್ತೆಯ ಎರಡೂ ಬದಿಗೆ ಮಡಿಸುವ ಕುರ್ಚಿ ಹಾಕಿಕೊಂಡು ಜನ ಕೂತಿದ್ದರು. ನಮ್ಮಲ್ಲಿ ತೇರು ನೋಡಲು ಜಗಲಿಯ ಮೇಲೆ ಕೂರುವುದಿಲ್ಲವೆ, ಹಾಗೆ. 1995ರಲ್ಲಿ ಫರ್ನ್‌ಡೇಲಿನ ಮಕ್ಕಳಿಗೆ ಒಂದು ಫುಟ್‌ಬಾಲ್ ಮೈದಾನ ಮಾಡಿಸಲು ಹಣ ಕೂಡಿಸಬೇಕೆಂದು ಆರಂಭಿಸಿದ ಮೆರವಣಿಗೆ ಅದು. ಈಗ ಪ್ರತಿವರ್ಷ ಲಕ್ಷಾಂತರ ಜನ ಸೇರುತ್ತಾರೆ.

ಆ ಕಾರುಗಳ ಸದ್ದು ಎದೆಯೊಳಗೇ ಗುಡುಗಿದಂತೆ ಕೇಳುತ್ತಿತ್ತು. "ಇವೇ ಅತ್ತೆ, ಮಸಲ್ ಕಾರುಗಳು" ಎಂದ ಅಳಿಯ. ಮಸಲ್ ಎಂದರೆ ಮಾಂಸಖಂಡ. ಗರಡಿಯಾಳಿನಂಥ ಕಾರು ಎಂದು ನಾನು ಅರ್ಥಮಾಡಿಕೊಂಡೆ. ನನಗೆ ಹೊಳೆದ ಪ್ರಶ್ನೆ ಮಾತ್ರ ಮೇಷ್ಟರ ಪ್ರಶ್ನೆ: "ಇಂಥವು ಒಟ್ಟು ಎಷ್ಟು ಮಾಡಿದ್ದರು? ಈಗ ಎಷ್ಟು ಉಳಿದಿವೆ?" ಅಳಿಯ ತಲೆ ಕೆರೆದುಕೊಂಡ. ನಮ್ಮ ಪಕ್ಕದಲ್ಲೇ ಕೆಂಪು ಬಣ್ಣದ ಶೆವ್ರೊಲೆ ಶೆವೆಲ್ ನಿಲ್ಲಿಸಿಕೊಂಡು ಕೂತಿದ್ದ ಮುದುಕರೊಬ್ಬರು ಅದನ್ನು ಕೇಳಿಸಿಕೊಂಡು ನಕ್ಕು ಹೇಳಿದರು: "1970ರಲ್ಲಿ ಈ ಜಾತಿಯವನ್ನು ಮಾಡಿದ್ದು 4,475. ಅವುಗಳಲ್ಲಿ ಈಗ ಉಳಿದಿರುವುದು ಆರು ಸಾವಿರ!" ಸುತ್ತ ಇದ್ದವರೆಲ್ಲ ನಕ್ಕರು. ನನಗೆ ಆ ನಗೆಚಾಟಿಕೆ ಅರ್ಥವಾಗಲು ಮೂರು ವಾರ ಹಿಡಿಯಿತು. ಕೂಸು ಮಲಗಿದಾಗೆಲ್ಲ ನಾನು ಓದಿದ್ದು, ಅಳಿಯನನ್ನು ಪೀಡಿಸಿ ಕೇಳಿ ತಿಳಿದದ್ದು, ಆಮೇಲೆ ಡಿಯರ್‌ಬಾರ್ನ್ ಎಂಬಲ್ಲಿರುವ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿ ನೋಡಿದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ.

ಕಥೆ ಶುರುವಾಗುವುದು 1964ರಲ್ಲಿ. ಜನರಲ್ ಮೋಟಾರ್ಸ್ ಎಂಬ ದೊಡ್ಡ ಸಂಸ್ಥೆ ತನ್ನ ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದೆಂದು ಕಟ್ಟುನಿಟ್ಟು ಮಾಡಿತ್ತು. ಅದರದೇ ಒಂದು ಶಾಖೆಯಾದ ಪಾಂಟಿಯಾಕ್‌ನಲ್ಲಿ ಜಾನ್ ಡಿಲೋರಿಯನ್ ಎಂಬ ಎಂಜಿನಿಯರನೂ ಅವನ ಸಂಗಡಿಗರೂ ಒಂದು ಉಪಾಯ ಹೂಡಿದರು. ಹೊಸ ಕಾರು ಎಂದರೆ ತಾನೆ ಮೇಲಿನವರ ಒಪ್ಪಿಗೆ ಬೇಕು? ಇದ್ದ ಟೆಂಪೆಸ್ಟ್ ಲೆಮಾನ್ಸ್ ಎಂಬ ಕಾರಿಗೇ, ಬೇಕಾದವರು ಸುಮಾರು 296 ಡಾಲರ್ ಹೆಚ್ಚು ಕೊಟ್ಟರೆ 389 ಘನ ಅಂಗುಲದ ಎಂಜಿನ್ ಕೂಡಿಸಿಕೊಡುತ್ತೇವೆ ಎಂದರು. ಮಸಾಲೆ ದೋಸೆಗೆ ಹೆಚ್ಚಿಗೆ ಬೆಣ್ಣೆ ಹಾಕಿಸಿಕೊಂಡಂತೆ. ಅದಕ್ಕೆ ಜಿ.ಟಿ.ಓ. ಎಂದು ಇಟಲಿಯ ಫೆರಾರಿಯಿಂದ ಎರವಲು ತಂದ ಹೆಸರಿಟ್ಟರು. ಐದು ಸಾವಿರ ಹೋದರೆ ಸಾಕು ಎಂದುಕೊಂಡಿದ್ದ ಕಡೆ ಮೊದಲ ವರ್ಷವೇ 32,450 ಮಾರಾಟವಾದವು. ಮೇಲಿನವರ ಕಟ್ಟುನಿಟ್ಟು ತಾನಾಗಿಯೇ ಸಡಿಲವಾಯಿತು. ಲಾಭದ ಮುಂದೆ ನಿಯಮ ನಿಲ್ಲುವುದುಂಟೆ?

389 ಘನ ಅಂಗುಲ ಎಂದರೆ ನಮ್ಮ ಅಳತೆಯಲ್ಲಿ ಸುಮಾರು 6.4 ಲೀಟರು. ಅದೇ ಕಾಲದ ನಮ್ಮ ಅಂಬಾಸಡರ್ ಕಾರಿನದು ಒಂದೂವರೆ ಲೀಟರಿನ ಎಂಜಿನ್. ನಾಲ್ಕು ಅಂಬಾಸಡರಿನ ಹೃದಯವನ್ನು ಒಂದೇ ಕಾರಿನ ಎದೆಯಲ್ಲಿಟ್ಟಂತೆ. ಜಿ.ಟಿ.ಓ.ದ ಶಕ್ತಿ 325 ಅಶ್ವಶಕ್ತಿಯಿಂದ ಶುರುವಾಗುತ್ತಿತ್ತು. ಆರು ವರ್ಷ ಕಳೆಯುವಷ್ಟರಲ್ಲಿ, ನಾನು ನೋಡಿದ ಶೆವೆಲ್‌ನ ಕಾಲಕ್ಕೆ, ಅದು 450ಕ್ಕೆ ಏರಿತ್ತು. ಆಗಿನ ಡೆಟ್ರಾಯಿಟ್ ಕಂಪನಿಗಳ ಎಂಜಿನಿಯರುಗಳು ರಾತ್ರಿ ಹೊತ್ತು ಇದೇ ವುಡ್‌ವರ್ಡ್ ರಸ್ತೆಗೆ ಹೊಸ ಕಾರುಗಳನ್ನು ತಂದು, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಪಂದ್ಯ ಕಟ್ಟಿ ಪರೀಕ್ಷೆ ಮಾಡುತ್ತಿದ್ದರಂತೆ. ಅಪ್ಪಂದಿರೇ ಹೀಗಾದಮೇಲೆ ಮಕ್ಕಳನ್ನು ಕೇಳಬೇಕೆ!

ಅದೇ 1964ರ ಏಪ್ರಿಲ್ 17ರಂದು ಫೋರ್ಡ್ ಕಂಪನಿ ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಮಸ್ಟಾಂಗ್ ಕಾರನ್ನು ಹೊರತಂದಿತು. ಬೆಲೆ 2,368 ಡಾಲರಿನಿಂದ ಆರಂಭ. ಮೊದಲ ದಿನವೇ 22,000 ಜನ ಬೇಡಿಕೆ ಸಲ್ಲಿಸಿದರು. 1966ರ ಮಾದರಿಯ ಕೊನೆಯ ಹೊತ್ತಿಗೆ ಸುಮಾರು ಹದಿಮೂರು ಲಕ್ಷ ಮಸ್ಟಾಂಗ್‌ಗಳು ತಯಾರಾಗಿದ್ದವು. ಮಡಿವಂತ ಕಾರುಪ್ರಿಯರು ಇದನ್ನು ಮಸಲ್ ಕಾರಿನ ಪಂಕ್ತಿಯಲ್ಲಿ ಕೂರಿಸುವುದಿಲ್ಲ, ಅದು 'ಪೋನಿ ಕಾರ್', ಎಂದರೆ ಕುದುರೆಮರಿ ಎನ್ನುತ್ತಾರೆ. ದೊಡ್ಡ ಎಂಜಿನ್ ಹಾಕಿದವಕ್ಕೆ ಮಾತ್ರ ಪಂಕ್ತಿಭೋಜನ. ಆ ಮಡಿ ಮೈಲಿಗೆ ಅವರಿಗಿರಲಿ. ನನಗೆ ಈ ಕುದುರೆಮರಿಯ ವಿಷಯದಲ್ಲಿ ಬೇರೊಂದು ಆಸಕ್ತಿ ಇದೆ.

ಮಸ್ಟಾಂಗನ್ನು ಸಾರ್ವಜನಿಕರಿಗೆ ಮಾರಲು ಶುರುಮಾಡುವುದಕ್ಕೆ ಎರಡು ದಿನ ಮೊದಲೇ, ಏಪ್ರಿಲ್ 15ರಂದು, ಶಿಕಾಗೋ ನಗರದಲ್ಲಿ ಒಂದು ಕಾರು ಮಾರಾಟವಾಗಿತ್ತು. ಕೊಂಡವಳು ಇಪ್ಪತ್ತೆರಡು ವರ್ಷದ ಹುಡುಗಿ. ಆಗತಾನೆ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ಟೀಚರಾಗಿ ಸೇರುವವಳಿದ್ದಳು. ಅಪ್ಪ ಅಮ್ಮನಿಂದ ಸಾಲ ತೆಗೆದುಕೊಂಡು ಕಾರು ನೋಡಲು ಹೋದಳು. ಅಂಗಡಿಯಲ್ಲಿದ್ದ ಯಾವುದೂ ಮನಸ್ಸಿಗೆ ಬರಲಿಲ್ಲ. ಮಾರುವವನು ಹಿಂದಿನ ಕೋಣೆಗೆ ಕರೆದೊಯ್ದು, ಹೊದಿಕೆ ಸರಿಸಿ, ಆಕಾಶನೀಲಿ ಬಣ್ಣದ ಮಸ್ಟಾಂಗ್ ತೋರಿಸಿದ. ಓಡಿಸಿ ಕೂಡ ನೋಡದೆ 3,447 ಡಾಲರ್ 50 ಸೆಂಟಿಗೆ ಕೊಂಡುಕೊಂಡಳು. ಶಾಲೆಗೆ ಅದರಲ್ಲೇ ಹೋಗಿ ಬರುತ್ತಿದ್ದಳು. ಆಮೇಲೆ ಮದುವೆ, ನಾಲ್ಕು ಮಕ್ಕಳು. ಕಾರು ಕೆಟ್ಟು ಗ್ಯಾರೇಜಿನಲ್ಲಿ ಇಪ್ಪತ್ತೇಳು ವರ್ಷ ಧೂಳು ತಿಂದಿತು. ಗಂಡ ನಿವೃತ್ತನಾದ ಮೇಲೆ ಅದನ್ನು ಬಿಚ್ಚಿ ಮತ್ತೆ ಜೋಡಿಸಿದ. ಅಮೆರಿಕದಲ್ಲಿ ಮಾರಾಟವಾದ ಮೊಟ್ಟಮೊದಲ ಮಸ್ಟಾಂಗ್ ಅದೇ ಎಂಬುದು ಆಮೇಲೆ ಗೊತ್ತಾಯಿತು. ಫೋರ್ಡ್ ಕಂಪನಿಯೂ ಅದನ್ನು ಒಪ್ಪಿಕೊಂಡಿದೆ.

ಇದನ್ನು ಓದಿದಾಗ ನನಗಾದ ಸಂತೋಷ ಹೇಳತೀರದು. ಈ ಕಾರುಗಳ ಜಾಹೀರಾತುಗಳೆಲ್ಲ ಗಂಡುಹುಡುಗರ ಮೀಸೆ ತಿರುವುವಂಥವು. ಅದರ ನಡುವೆ ನಮ್ಮ ವೃತ್ತಿಯ ಹೆಣ್ಣೊಬ್ಬಳು ಮೊದಲ ಕಾರನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದಳು! ಇನ್ನೊಬ್ಬಳನ್ನೂ ಇಲ್ಲಿ ನೆನೆಯಬೇಕು. ಶರ್ಲಿ ಮಲ್ಡೌನಿ ಎಂಬಾಕೆ ನೇರ ಓಟದ ಪಂದ್ಯಗಳಿಗೆ 1965ರಲ್ಲಿ ಪರವಾನಗಿ ಪಡೆದು, ಗಂಡಸರ ಗೇಲಿಯನ್ನೆಲ್ಲ ನುಂಗಿಕೊಂಡು, ಅತಿ ವೇಗದ ವರ್ಗದಲ್ಲಿ 1977, 1980 ಮತ್ತು 1982ರಲ್ಲಿ ಮೂರು ಬಾರಿ ರಾಷ್ಟ್ರೀಯ ಚಾಂಪಿಯನ್ ಆದಳು.

ಇನ್ನು ಆ ಗಂಡುಹುಡುಗರ ವಿಷಯ. ಮಸಲ್ ಕಾರುಗಳ ಕಾಲ 1964ರಿಂದ 1973ರವರೆಗೆ ಎಂದು ಸ್ಥೂಲವಾಗಿ ಹೇಳುತ್ತಾರೆ. ಇತಿಹಾಸ ಪಾಠ ಮಾಡುವವರಿಗೆ ಈ ಎರಡು ಇಸವಿಗಳು ಬೇರೆ ಕಾರಣಕ್ಕೆ ಪರಿಚಿತ. ಟಾಂಕಿನ್ ಕೊಲ್ಲಿಯ ಘಟನೆಯಾಗಿ ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಪೂರ್ತಿ ಧುಮುಕಿದ್ದು 1964ರ ಆಗಸ್ಟ್‌ನಲ್ಲಿ. ಅದರ ಕೊನೆಯ ಯುದ್ಧಪಡೆ ಹಿಂದಕ್ಕೆ ಬಂದದ್ದು 1973ರ ಮಾರ್ಚ್‌ನಲ್ಲಿ. ಈ ಕಾರುಗಳನ್ನು ಕೊಳ್ಳುವ ವಯಸ್ಸೂ ಯುದ್ಧಕ್ಕೆ ಕರೆ ಬರುವ ವಯಸ್ಸೂ ಒಂದೇ. ಸೈನಿಕರು ದೂರದ ಶಿಬಿರದಲ್ಲಿ ಕೂತು ಪಟ್ಟಿ ನೋಡಿ ಕಾರಿಗೆ ಬೇಡಿಕೆ ಕೊಟ್ಟು, ಊರಿಗೆ ಮರಳಿದ ಮೇಲೆ ತೆಗೆದುಕೊಳ್ಳುವ ಏರ್ಪಾಡೂ ಇತ್ತು. ಐವತ್ತೆಂಟು ಸಾವಿರ ಮಂದಿ ಮರಳಲಿಲ್ಲ. ಗ್ಯಾರೇಜಿನಲ್ಲಿ ಮಗನ ಕಾರಿಟ್ಟುಕೊಂಡು ಕಾದ ತಾಯಂದಿರು ಎಷ್ಟಿದ್ದರೋ! ಕಾರುಗಳ ಸರಣಿಸಂಖ್ಯೆ ಬರೆದಿಟ್ಟವರುಂಟು, ಇಂಥ ಲೆಕ್ಕ ಬರೆದಿಟ್ಟವರಿಲ್ಲ.

ಮಸಲ್ ಕಾರುಗಳನ್ನು ಕೊಂದದ್ದು ಒಂದೇ ಏಟಲ್ಲ. 1970ರಲ್ಲಿ ಹೊಗೆಯನ್ನು ಹತೋಟಿಗೆ ತರುವ ಕಾನೂನು ಬಂತು. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಒಗ್ಗುವಂತೆ 1971ರ ಹೊತ್ತಿಗೆ ಎಂಜಿನ್ನುಗಳ ಒತ್ತಡ ತಗ್ಗಿಸಿದರು. ಮೀಸೆ ಮೂಡದ ಹುಡುಗರ ಕೈಗೆ ಇಂಥ ಕಾರು ಕೊಟ್ಟರೆ ಏನಾಗುತ್ತದೆಂದು ವಿಮಾ ಕಂಪನಿಗಳಿಗೆ ಬೇಗನೆ ತಿಳಿಯಿತು. ಕೆಲವರಿಗೆ ಕಾರಿನ ಕಂತಿನಷ್ಟೇ ವಿಮೆಯ ಕಂತೂ ಬೀಳತೊಡಗಿತು. ಕೊನೆಗೆ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ನಾಲ್ಕು ಪಟ್ಟಾಯಿತು. ನಮ್ಮಲ್ಲಿ ಸೀಮೆಎಣ್ಣೆಗೆ ಡಬ್ಬ ಹಿಡಿದು ನಿಲ್ಲುತ್ತಿದ್ದೆವಲ್ಲ, ಹಾಗೆ ಅಲ್ಲಿ ಪೆಟ್ರೋಲಿಗೆ ಕಾರುಗಳ ಸಾಲು ನಿಂತಿತು. 1974ರ ಜನವರಿಯಲ್ಲಿ ಇಡೀ ದೇಶಕ್ಕೆ ಗಂಟೆಗೆ 55 ಮೈಲಿಯ ವೇಗಮಿತಿ ವಿಧಿಸುವ ಕಾನೂನಾಯಿತು. ಎಲ್ಲವನ್ನೂ ಶುರುಮಾಡಿದ ಜಿ.ಟಿ.ಓ. 1974ರ ಮಾದರಿಯೊಂದಿಗೆ ನಿಂತುಹೋಯಿತು. ಪ್ಲಿಮತ್ ಬಾರಾಕುಡಾ ಕೂಡ ಅದೇ ವರ್ಷ ಕಣ್ಮುಚ್ಚಿತು.

ಈಗ ಆ ಕಾರುಗಳನ್ನು ಕೇಳುವವರಾರು? ಹೊಟ್ಟೆಬಾಕ ಅತಿಥಿಯಂತೆ ಮನೆಯ ಮುಂದೆ ನಿಂತಿದ್ದವು. ಕೆಲವೇ ನೂರು ಡಾಲರಿಗೆ ಕೈಬದಲಾದವು. ಹಲವನ್ನು ಹುಡುಗರು ಪಂದ್ಯಕ್ಕೆ ಬಿಟ್ಟು ಮರಕ್ಕೋ ಕಂಬಕ್ಕೋ ಗುದ್ದಿ ಮುಗಿಸಿದರು. ಹಲವುಗಳ ಎಂಜಿನ್ ಕಿತ್ತು ದೋಣಿಗೆ, ಬೇರೆ ಕಾರಿಗೆ ಹಾಕಿಕೊಂಡರು. ಉಳಿದವನ್ನು ಗುಜರಿಯ ಯಂತ್ರಗಳು ಹಪ್ಪಳದಂತೆ ಒತ್ತಿ, ಚೂರುಮಾಡಿ, ಕುಲುಮೆಗೆ ಕಳಿಸಿದವು.

ಉತ್ತರದ ರಾಜ್ಯಗಳಲ್ಲಿ ಇನ್ನೊಂದು ಶತ್ರು ಇತ್ತು, ಉಪ್ಪು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕಾರಿನ ಅಡಿಭಾಗವನ್ನು ಗೆದ್ದಲಿನಂತೆ ತಿಂದುಬಿಡುತ್ತದೆ. ಡೆಟ್ರಾಯಿಟ್ ನಗರದ ಅಡಿಯಲ್ಲಿ, ನೆಲದಿಂದ ಸಾವಿರಕ್ಕೂ ಹೆಚ್ಚು ಅಡಿ ಆಳದಲ್ಲಿ, ದೊಡ್ಡದೊಂದು ಉಪ್ಪಿನ ಗಣಿಯೇ ಇದೆ. ರಸ್ತೆಗೆ ಹಾಕುವ ಉಪ್ಪು ಅಲ್ಲಿಂದಲೂ ಬರುತ್ತದೆ. ಮೇಲೆ ಕಾರು ಹುಟ್ಟುವ ಊರು, ಕೆಳಗೆ ಕಾರನ್ನು ತಿನ್ನುವ ಉಪ್ಪು! ಅದಕ್ಕೇ ಅರಿಜೋನಾ, ಕ್ಯಾಲಿಫೋರ್ನಿಯಾದಂಥ ಒಣ ಸೀಮೆಯಲ್ಲಿ ಉಳಿದ ಕಾರಿಗೆ ಇಂದಿಗೂ ಹೆಚ್ಚು ಮರ್ಯಾದೆ.

ದೂರದರ್ಶನವೂ ತನ್ನ ಪಾಲಿನ ಬಲಿ ತೆಗೆದುಕೊಂಡಿತು. 1979ರಿಂದ 1985ರವರೆಗೆ 'ದಿ ಡ್ಯೂಕ್ಸ್ ಆಫ್ ಹ್ಯಾಜರ್ಡ್' ಎಂಬ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಕಿತ್ತಳೆ ಬಣ್ಣದ ಡಾಜ್ ಚಾರ್ಜರ್ ಕಾರೊಂದು ಪ್ರತಿ ವಾರವೂ ಹಳ್ಳ ಕೊಳ್ಳ ಹಾರುತ್ತಿತ್ತು. ತೆರೆಯ ಮೇಲೆ ಒಂದೇ ಕಾರು. ನಿಜದಲ್ಲಿ ಹಾರಿದ ಕಾರು ಮತ್ತೆ ಓಡಲಾರದು. ಹಾಗಾಗಿ ಸರಣಿ ಮುಗಿಯುವಷ್ಟರಲ್ಲಿ ಬಳಸಿದ ಚಾರ್ಜರ್‌ಗಳು ಮುನ್ನೂರರ ಆಸುಪಾಸು ಎಂದು ಅಂದಾಜು. ಕೊನೆಗೆ ಸಿಗದೆ ಹೋದಾಗ ಆಟಿಕೆಯಂಥ ಪುಟ್ಟ ಮಾದರಿಗಳನ್ನು ಹಾರಿಸಿದರು. ಆ ಮುನ್ನೂರರಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು.

ಹಾಗಾದರೆ ಉಳಿದವು ಎಷ್ಟು? ಅಮೆರಿಕದಲ್ಲಿ ವಾಹನ ನೋಂದಣಿ ಆಯಾ ರಾಜ್ಯದ ಕೆಲಸ. ಕೊಟ್ಟಿಗೆಯಲ್ಲಿ ಮಲಗಿದ ಕಾರಿಗೆ ನೋಂದಣಿಯ ಗೊಡವೆಯೇ ಇಲ್ಲ. ಹಾಗಾಗಿ ಇಡೀ ದೇಶದ ಜನಗಣತಿಯಂಥ ಒಂದು ಲೆಕ್ಕ ಇಲ್ಲ. ಇರುವುದು ಜಾತಿವಾರು ಕುಲವೃತ್ತಾಂತಗಳು. ಶೆಲ್ಬಿ ಎಂಬ ವಿಶೇಷ ಮಸ್ಟಾಂಗ್‌ಗಳ ಅಭಿಮಾನಿ ಸಂಘದವರು, 1965ರಲ್ಲಿ ತಯಾರಾದ 562 ಜಿ.ಟಿ. 350 ಕಾರುಗಳನ್ನು ಒಂದೊಂದಾಗಿ ಸರಣಿಸಂಖ್ಯೆ ಹಿಡಿದು, ಯಾರಿಂದ ಯಾರಿಗೆ ಹೋಯಿತು, ಯಾವುದು ಸುಟ್ಟಿತು, ಯಾವುದು ಕಳುವಾಯಿತು ಎಂದು ದಾಖಲಿಸಿದ್ದಾರೆ. ಕಮಾರೋ ಕಾರಿನ ಜಾತಿಯಲ್ಲಿ ಜೆಡ್.ಎಲ್.1 ಎಂಬ ಅಲ್ಯೂಮಿನಿಯಂ ಎಂಜಿನ್ನಿನ ಉಪಜಾತಿ ಇದೆ. 1969ರಲ್ಲಿ ತಯಾರಾದವು ಕೇವಲ 69. ಇದರ ಬೆಲೆ ಸಾಮಾನ್ಯ ಕಮಾರೋದ ಎರಡರಷ್ಟಿದ್ದುದರಿಂದ ಹಲವು ಮಾರಾಟವಾಗದೆ ಕಂಪನಿಗೇ ಹಿಂದಿರುಗಿದ್ದವು! 1970ರ ಪ್ಲಿಮತ್ ಸೂಪರ್‌ಬರ್ಡ್‌ಗೆ ಮುಂದೆ ಉದ್ದ ಮೂಗು, ಹಿಂದೆ ಆಳೆತ್ತರದ ರೆಕ್ಕೆ. ಸುಮಾರು 1,900 ಮಾಡಿದರು. ನೋಡಿದವರು ನಕ್ಕರೇ ಹೊರತು ಕೊಳ್ಳಲಿಲ್ಲ. ಕೆಲವು ಅಂಗಡಿಯವರು ಮೂಗು, ರೆಕ್ಕೆ ಕಿತ್ತು ಸಾಮಾನ್ಯ ಕಾರಿನಂತೆ ಮಾರಿದರು.

ಇನ್ನು ಹೆಮಿ ಎಂಬ ದೈತ್ಯ ಎಂಜಿನ್ ಕೂರಿಸಿದ, ಮೇಲ್ಛಾವಣಿ ಮಡಿಸುವ ಬಾರಾಕುಡಾ. 1970ರಲ್ಲಿ ಹದಿನಾಲ್ಕು, 1971ರಲ್ಲಿ ಒಂದು ಡಜನ್ನೂ ದಾಟಲಿಲ್ಲ. ಬೇಡವೆಂದು ಬಿಟ್ಟ ಆ ಕಾರುಗಳಲ್ಲಿ ಒಂದು 2014ರ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಸೊಸೆ ಬೇಡವೆಂದು ಅಟ್ಟಕ್ಕೆ ಹಾಕಿದ ಅತ್ತೆಯ ಹಿತ್ತಾಳೆ ಪಾತ್ರೆಗಳಿಗೆ ಈಗ ಪಟ್ಟಣದ ಅಂಗಡಿಗಳಲ್ಲಿ ಬಂದಿರುವ ಬೆಲೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ಬೆಲೆ ಬಂದ ಕೂಡಲೇ ನಕಲಿಯೂ ಬರಬೇಕಲ್ಲ. ಆಗಲೇ ನನಗೆ ಆ ಮುದುಕರ ನಗೆಚಾಟಿಕೆ ಅರ್ಥವಾದದ್ದು. ಶೆವೆಲ್ ಕಾರಿನ ಸರಣಿಸಂಖ್ಯೆಯಲ್ಲಿ ಯಾವ ದೊಡ್ಡ ಎಂಜಿನ್ ಹಾಕಿತ್ತೆಂಬ ಗುರುತಿಲ್ಲ. ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಹಾಕಿ, ಲಾಂಛನ ಅಂಟಿಸಿ, ಪಟ್ಟೆ ಬಳಿದರೆ ನಾಜೂಕಿನ ಕಣ್ಣಿಗೂ ತಿಳಿಯದು. ಪ್ಲಿಮತ್, ಡಾಜ್ ಕಾರುಗಳಲ್ಲಿ ಸಂಖ್ಯೆಯ ಐದನೆಯ ಅಕ್ಷರವೇ ಎಂಜಿನ್ ಯಾವುದೆಂದು ಹೇಳುತ್ತದೆ. ಪಾಂಟಿಯಾಕ್ ಕಾರುಗಳ ಕಾರ್ಖಾನೆ ದಾಖಲೆಗಳು ಉಳಿದಿವೆ, 1967ರಿಂದೀಚೆಗಿನ ಫೋರ್ಡ್ ಕಾರುಗಳವೂ ಉಳಿದಿವೆ. ಶೆವ್ರೊಲೆಯಲ್ಲಿ ಮಾತ್ರ ಆ ಕಾಗದಗಳನ್ನು ಇಟ್ಟುಕೊಳ್ಳಲಿಲ್ಲ. ಹಾಗಾಗಿ ಜನ ಹುಡುಕುವುದು ಕಾರ್ಖಾನೆಯ ಕೆಲಸಗಾರರು ಕಾರು ಜೋಡಿಸುವಾಗ ನೋಡಿಕೊಳ್ಳುತ್ತಿದ್ದ ಒಂದು ಚೀಟಿಯನ್ನು. ಯಾವ ಬಣ್ಣ, ಯಾವ ಎಂಜಿನ್, ಯಾವ ಸೀಟು ಎಂಬುದೆಲ್ಲ ಅದರಲ್ಲಿರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಸೀಟಿನ ಸ್ಪ್ರಿಂಗಿಗೋ, ಪೆಟ್ರೋಲ್ ಟ್ಯಾಂಕಿನ ಮೇಲಕ್ಕೋ ಸಿಕ್ಕಿಸಿ ಮರೆತುಬಿಡುತ್ತಿದ್ದರು. ಐವತ್ತು ವರ್ಷದ ಮೇಲೆ, ಇಲಿ ಕಡಿದು ಉಳಿಸಿದ ಆ ಕಾಗದವೇ ಕಾರಿನ ಜಾತಕ.

ಜಾತಕ ಇದ್ದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಈಗ ಹಳೆಯ ಕಮಾರೋ, ಮಸ್ಟಾಂಗ್‌ಗಳ ಪೂರ್ತಿ ಮೈಕಟ್ಟನ್ನೇ ಹೊಸದಾಗಿ ಮಾಡಿ ಮಾರುತ್ತಾರೆ. ಬಾಗಿಲು ಹೊಸದು, ತಳ ಹೊಸದು, ಎಂಜಿನ್ ಇನ್ನೊಂದರದು. ಸರಣಿಸಂಖ್ಯೆಯ ಪಟ್ಟಿ ಮಾತ್ರ ಹಳೆಯದು. ಇದು ಉಳಿದದ್ದೋ, ಅಳಿದದ್ದೋ? ನಮ್ಮಮ್ಮನ ಇಳಕಲ್ ಸೀರೆಯ ಸೆರಗನ್ನು ಮಾತ್ರ ಬಿಡಿಸಿ ನನ್ನ ಮಗಳ ಲಂಗಕ್ಕೆ ಹಚ್ಚಿದ್ದೆ. ಅಮ್ಮನ ಸೀರೆ ಇದೆಯೇ ಎಂದು ಯಾರಾದರೂ ಕೇಳಿದರೆ ನಾನು ಇದೆ ಎಂದೇ ಹೇಳುತ್ತೇನೆ.

ಸೀರೆಯ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ ಹೇಳಬೇಕು. ಇತಿಹಾಸದಲ್ಲಿ ಉಳಿಯುವುದು ಹೆಚ್ಚಾಗಿ ವಿಶೇಷವಾದದ್ದು. ಟ್ರಂಕಿನಲ್ಲಿ ಅಜ್ಜಿಯ ಧಾರೆ ಸೀರೆ ಸಿಗುತ್ತದೆ. ದಿನಾ ಉಡುತ್ತಿದ್ದ ನೂಲಿನ ಸೀರೆ ಮೊದಲು ಮಕ್ಕಳ ತೊಟ್ಟಿಲಿಗೆ ಹೋಗಿ, ಆಮೇಲೆ ಕೈಬಟ್ಟೆಯಾಗಿ, ಕೊನೆಗೆ ನೆಲ ಒರೆಸಿ ಮುಗಿದಿರುತ್ತದೆ. ಕಾರುಗಳಲ್ಲೂ ಹಾಗೆಯೇ. ಕೋಟಿ ಬೆಲೆಯ ಹೆಮಿ ಬಾರಾಕುಡಾಗಳನ್ನು ಹುಡುಕಿ ಹುಡುಕಿ ಉಳಿಸಿದ್ದಾರೆ. ಅದೇ ಕಾರ್ಖಾನೆಯಿಂದ ಲಕ್ಷಗಟ್ಟಲೆ ಹೊರಬಂದ, ಚಿಕ್ಕ ಎಂಜಿನ್ನಿನ, ತಾಯಂದಿರು ಮಕ್ಕಳನ್ನು ಶಾಲೆಗೆ ಬಿಟ್ಟು ತರಕಾರಿ ತರುತ್ತಿದ್ದ ಕಾರುಗಳು ಮುಕ್ಕಾಲು ಪಾಲು ಗುಜರಿಗೆ ಹೋದವು. ಉಳಿದವುಗಳಿಗೂ ದೊಡ್ಡ ಎಂಜಿನ್ ಹಾಕಿ ಪೈಲ್ವಾನನ ವೇಷ ತೊಡಿಸಿದರು. ಹಾಗಾಗಿ ವುಡ್‌ವರ್ಡ್ ರಸ್ತೆಯ ಆ ಮೆರವಣಿಗೆ ನೋಡಿ 1970ರ ಅಮೆರಿಕದಲ್ಲಿ ಎಲ್ಲರೂ ಇಂಥ ಕಾರೇ ಓಡಿಸುತ್ತಿದ್ದರೆಂದು ತಿಳಿದರೆ ತಪ್ಪು. ಮದುವೆಯ ಫೋಟೋ ನೋಡಿ, ಇವರು ದಿನಾ ಇಷ್ಟು ಒಡವೆ ಹಾಕುತ್ತಿದ್ದರು ಎಂದು ತಿಳಿದಂತೆ.

ಬೇಕೆಂದೇ ಕಾಪಿಟ್ಟರೆ ಉಳಿಯುತ್ತದೆಯೇ? ಅದಕ್ಕೂ ಒಂದು ಕಥೆಯಿದೆ. ಓಕ್ಲಹೋಮಾ ರಾಜ್ಯದ ಟಲ್ಸಾ ನಗರದವರು 1957ರ ಜೂನ್ 15ರಂದು ಹೊಚ್ಚ ಹೊಸ ಪ್ಲಿಮತ್ ಬೆಲ್ವಿಡಿಯರ್ ಕಾರೊಂದನ್ನು ನ್ಯಾಯಾಲಯದ ಹುಲ್ಲುಹಾಸಿನ ಅಡಿ ಕಾಂಕ್ರೀಟಿನ ನೆಲಮಾಳಿಗೆಯಲ್ಲಿ ಹೂತಿಟ್ಟರು. ಐವತ್ತು ವರ್ಷದ ಮೇಲೆ ಪೆಟ್ರೋಲ್ ಸಿಗದಿದ್ದರೆ ಎಂದು ಪೆಟ್ರೋಲನ್ನೂ ಇಟ್ಟರು. ಆ ಕಾಲದ ಹೆಂಗಸೊಬ್ಬಳ ಕೈಚೀಲದಲ್ಲಿ ಏನೇನಿರುತ್ತಿತ್ತು ಎಂದು ಮುಂದಿನವರಿಗೆ ತಿಳಿಯಲೆಂದು ತಲೆಪಿನ್ನು, ಬಾಚಣಿಗೆ, ತುಟಿಬಣ್ಣ, ಕಟ್ಟದೆ ಉಳಿದ ಪಾರ್ಕಿಂಗ್ ದಂಡದ ಚೀಟಿಯನ್ನೂ ಇಟ್ಟರು. 2007ರಲ್ಲಿ ಟಲ್ಸಾದ ಜನಸಂಖ್ಯೆ ಎಷ್ಟಿರುತ್ತದೆಂದು ಎಲ್ಲರಿಗಿಂತ ಹತ್ತಿರವಾಗಿ ಊಹಿಸಿದವರಿಗೆ ಕಾರು ಎಂಬ ಸ್ಪರ್ಧೆ ಬೇರೆ. 2007ರ ಜೂನ್ 15ರಂದು ಸಾವಿರಾರು ಜನರೆದುರು ತೆಗೆದರು. ನೆಲಮಾಳಿಗೆಗೆ ನೀರು ನುಗ್ಗಿ ಕಾರು ತುಕ್ಕಿನ ಮುದ್ದೆಯಾಗಿತ್ತು. ಎಲ್ಲರಿಗಿಂತ ಹತ್ತಿರವಾಗಿ ಊಹಿಸಿದ್ದವನು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆ ತುಕ್ಕು ಅವನ ಮುದಿ ಅಕ್ಕತಂಗಿಯರ ಪಾಲಿಗೆ ಬಂತು.

ಇದಕ್ಕೆ ಎದುರಾಗಿ ಇನ್ನೊಂದು. 1968ರಲ್ಲಿ 'ಬುಲಿಟ್' ಎಂಬ ಚಿತ್ರ ಬಂತು. ಅದರಲ್ಲಿ ಸ್ಟೀವ್ ಮ್ಯಾಕ್ವೀನ್ ಎಂಬ ನಟ ಸ್ಯಾನ್ ಫ್ರಾನ್ಸಿಸ್ಕೋದ ಏರುತಗ್ಗಿನ ಬೀದಿಗಳಲ್ಲಿ ಹಸಿರು ಮಸ್ಟಾಂಗ್ ಓಡಿಸಿದ ದೃಶ್ಯ ಇಂದಿಗೂ ಪ್ರಸಿದ್ಧ. ಆ ಕಾರನ್ನು 1974ರಲ್ಲಿ ನ್ಯೂಜೆರ್ಸಿಯ ಒಂದು ಸಾಮಾನ್ಯ ಕುಟುಂಬ ಪತ್ರಿಕೆಯ ಜಾಹೀರಾತು ನೋಡಿ 6,000 ಡಾಲರಿಗೆ ಕೊಂಡಿತು. ಮನೆಯೊಡತಿ ಶಾಲಾ ಶಿಕ್ಷಕಿ. ಆಕೆ ಜಗತ್ಪ್ರಸಿದ್ಧವಾದ ಆ ಕಾರಿನಲ್ಲೇ ದಿನವೂ ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದಳು! 1977ರಲ್ಲಿ ಮ್ಯಾಕ್ವೀನ್ ತಾನೇ ಪತ್ರ ಬರೆದು, ಕಾರನ್ನು ತನಗೆ ಮರಳಿ ಮಾರಬೇಕೆಂದು ಕೇಳಿಕೊಂಡ. ಅವರು ಕೊಡಲಿಲ್ಲ. 1980ರ ಸುಮಾರಿಗೆ ಕ್ಲಚ್ ಕೆಟ್ಟಿತು, ಕಾರು ಮೂಲೆಗೆ ಸೇರಿತು. ಮಗ ಅದನ್ನು ಎಬ್ಬಿಸಿ 2018ರಲ್ಲಿ ಡೆಟ್ರಾಯಿಟ್ ಪ್ರದರ್ಶನಕ್ಕೆ ತಂದಾಗಲೇ ಲೋಕಕ್ಕೆ ತಿಳಿದದ್ದು. 2020ರ ಜನವರಿಯಲ್ಲಿ ಅದು ಹರಾಜಾದ ಬೆಲೆ, ಕಮಿಷನ್ ಸೇರಿ, 37 ಲಕ್ಷ 40 ಸಾವಿರ ಡಾಲರು. ಕಾಂಕ್ರೀಟಿನ ಪೆಟ್ಟಿಗೆಯಲ್ಲಿ ಹೂತದ್ದು ಹೋಯಿತು, ಸಂಸಾರದ ಮಧ್ಯೆ ಬಿದ್ದುಕೊಂಡಿದ್ದದ್ದು ಉಳಿಯಿತು.

ಆ ಶನಿವಾರ ಸಂಜೆ, ಹೊರಡುವ ಮುಂಚೆ, ನೀಲಿ ಜಿ.ಟಿ.ಓ. ಒಂದರ ಪಕ್ಕ ಒಬ್ಬರೇ ಕೂತಿದ್ದ ಬಿಳಿಕೂದಲ ಹೆಂಗಸನ್ನು ಮಾತನಾಡಿಸಿದೆ. ಗಂಡನದಂತೆ. ಅವರು ತೀರಿಕೊಂಡಮೇಲೆ ಇವರೇ ಓಡಿಸುತ್ತಾರೆ. "ಇಷ್ಟು ವರ್ಷ ಹೇಗೆ ಉಳಿಸಿಕೊಂಡಿರಿ?" ಎಂದೆ. ಏನೋ ಪ್ರೀತಿಯ ಕಥೆ ಹೇಳಿಯಾರು ಎಂದುಕೊಂಡಿದ್ದೆ. ಆಕೆ ಭುಜ ಕುಣಿಸಿ, "1974ರಲ್ಲಿ ಮಾರಲು ಬೋರ್ಡು ಹಾಕಿದ್ದೆವು. ಯಾರೂ ಬರಲಿಲ್ಲ" ಎಂದರು. ಇಬ್ಬರೂ ನಕ್ಕೆವು.

ನಾನು ನಕ್ಕೆನಾದರೂ ಒಳಗೆ ಏನೋ ಚುಚ್ಚಿತು. ನಮ್ಮ ತಂದೆಯವರಲ್ಲಿ ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರ್ ಸೈಕಲ್ ಇತ್ತು. ನನ್ನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಅದರ ಸದ್ದು ಬೀದಿಯ ತುದಿಯಲ್ಲಿ ಕೇಳಿದರೆ ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ಅಪ್ಪ ಹೋದಮೇಲೆ ಅದು ಹಿತ್ತಲ ಸೂರಿನಡಿ ವರ್ಷಗಟ್ಟಲೆ ನಿಂತಿತ್ತು. 1998ರಲ್ಲಿ ಮನೆ ರಿಪೇರಿಗೆ ಜಾಗ ಬೇಕೆಂದು ನಾನೇ ಗುಜರಿಯವನನ್ನು ಕರೆಸಿದೆ. ಅವನು ತೂಕ ಹಾಕಿ ಕೊಟ್ಟ ದುಡ್ಡಿನಲ್ಲಿ ಎರಡು ಮೂಟೆ ಸಿಮೆಂಟು ಬಂತು. ಅಮ್ಮ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನನ್ನ ಗಾಡಿಗೆ ಕೊಳ್ಳುವವನು ಬಂದುಬಿಟ್ಟಿದ್ದ, ಅಷ್ಟೇ ವ್ಯತ್ಯಾಸ.

ಅಮೆರಿಕದಿಂದ ಬಂದಮೇಲೆ ಅಮ್ಮನ ಟ್ರಂಕು ತೆಗೆದೆ. ಅಮ್ಮ ಹೋಗಿ ನಾಲ್ಕು ವರ್ಷವಾದರೂ ಅದನ್ನು ಬರಿದು ಮಾಡುವ ಮನಸ್ಸಾಗಿರಲಿಲ್ಲ. ಸೆರಗು ಕಳೆದುಕೊಂಡ ಇಳಕಲ್ ಸೀರೆಯ ಮಡಿಕೆಯಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಒಂದು ಸಣ್ಣ ಪುಸ್ತಕ ಸಿಕ್ಕಿತು. ಜಾವಾ ಗಾಡಿಯ ನೋಂದಣಿ ಪುಸ್ತಕ. ಅಪ್ಪನ ಹೆಸರು, ಎಂಜಿನ್ ನಂಬರು, ಚಾಸಿಸ್ ನಂಬರು, ಎಲ್ಲ ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿದ್ದವು. ಅಲ್ಲಿ ಗಾಡಿಯಿದ್ದೂ ಕಾಗದಕ್ಕಾಗಿ ಸೀಟು ಬಿಚ್ಚಿ ಹುಡುಕುತ್ತಾರೆ. ನನ್ನಲ್ಲಿ ಕಾಗದ ಅಚ್ಚುಕಟ್ಟಾಗಿದೆ, ಗಾಡಿಯಿಲ್ಲ.

ಪುಸ್ತಕವನ್ನು ಅದೇ ಮಡಿಕೆಯಲ್ಲಿಟ್ಟು ಟ್ರಂಕು ಮುಚ್ಚಿದ್ದೇನೆ. ಮಗಳಿಗೆ ಫೋನಿನಲ್ಲಿ ಹೇಳಿದೆ: ನಾನು ಹೋದಮೇಲೆ ಮನೆ ಖಾಲಿ ಮಾಡುವಾಗ ಯಾರನ್ನೂ ಕೂಡಲೇ ಕರೆಸಬೇಡ, ಒಂದು ಸಲ ಎಲ್ಲವನ್ನೂ ನೀನೇ ಕೈಯಾರೆ ಮುಟ್ಟಿ ನೋಡು.